ಬಲಗಡೆಯ ಅಂಕಣ

ಬೆಳಿಗ್ಗೆ ಎದ್ದು ಮುಖ ತೊಳೆದ ಕೂಡಲೇ ನನ್ನ ಮೈದುನ ಮಾಡುತ್ತಿದ್ದ ಮೊದಲ ಕೆಲಸ ಪಿಟೀಲಿನ ಪೆಟ್ಟಿಗೆ ತೆರೆಯುವುದು. ಮೆಟ್ಟಿಲ ಬುಡದಲ್ಲಿ ಆ ದಿನದ ಪೇಪರು ಬಿದ್ದಿರುತ್ತಿತ್ತು. ಅದರಲ್ಲಿ ಅವನೇ ಕೂತು ತಿದ್ದಿ ಜೋಡಿಸಿದ ಪುಟವೂ ಇರುತ್ತಿತ್ತು. ಆದರೂ ಅದರ ಕಡೆ ಕಣ್ಣು ಹಾಯಿಸುವ ಮೊದಲು ಮಹಡಿಯ ಕೋಣೆಯಲ್ಲಿ ಮಂಚದ ಅಂಚಿಗೆ ಕೂತು, ಪಿಟೀಲನ್ನು ಗದ್ದಕ್ಕೆ ಆನಿಸಿ, ತಂತಿಗಳನ್ನು ಒಂದೊಂದಾಗಿ ಶ್ರುತಿ ಮಾಡುತ್ತಿದ್ದ. ಕಮಾನು ಎಳೆಯುವುದು, ಕಿವಿ ಕೊಡುವುದು, ಬಿರಡೆಯನ್ನು ಕೂದಲೆಳೆಯಷ್ಟು ತಿರುಗಿಸುವುದು, ಮತ್ತೆ ಎಳೆಯುವುದು. ಎಲ್ಲ ಸರಿಹೋದ ಮೇಲೆ ಹಳೆಯ ಬನಿಯನ್ನಿನ ತುಂಡಿನಿಂದ ಒರೆಸಿ ಪೆಟ್ಟಿಗೆ ಮುಚ್ಚುತ್ತಿದ್ದ. ಒಂದು ಹಾಡು, ಅರ್ಧ ಹಾಡು, ಊಹೂಂ, ಏನೂ ನುಡಿಸುತ್ತಿರಲಿಲ್ಲ. ಜ್ವರ ಬಂದು ಮೈ ಕೆಂಡವಾಗಿದ್ದಾಗಲೂ ಇದನ್ನು ತಪ್ಪಿಸಲಿಲ್ಲ. ನಮ್ಮ ಮಾವ ತೀರಿಕೊಂಡ ಬೆಳಿಗ್ಗೆ ಮನೆ ತುಂಬ ಜನ ಇದ್ದಾಗ, ಮೇಲೆ ಹೋಗಿ ಬೆರಳಿನಲ್ಲೇ ತಂತಿ ಮೀಟಿ ಸರಿಮಾಡಿ ಬಂದಿದ್ದ.

ಕೆಳಗೆ ಅಡುಗೆಮನೆಯಲ್ಲಿ ನನ್ನ ಪ್ರಾರ್ಥನೆ ಮುಗಿಯುವುದೂ ಅವನ ಕೊನೆಯ ತಂತಿ ಸರಿಹೋಗುವುದೂ ಹೆಚ್ಚುಕಡಿಮೆ ಒಂದೇ ಹೊತ್ತಿಗೆ. ಎಷ್ಟೋ ದಿನ ನನ್ನ ತುಟಿಯ ಮೇಲಿನ ಕೊನೆಯ ಮಾತಿಗೆ ಮೇಲಿನಿಂದ ಯಾರೋ ಹೂಂ ಎಂದ ಹಾಗಿರುತ್ತಿತ್ತು.

"ಇಷ್ಟೆಲ್ಲ ಶ್ರುತಿ ಮಾಡ್ತೀಯಲ್ಲ, ಒಂದು ಹಾಡು ನುಡಿಸಿದ್ರೆ ನಿನ್ನ ಗಂಟೇನು ಹೋಗುತ್ತೆ?" ಎಂದು ನಾನು ಮದುವೆಯಾಗಿ ಬಂದ ಹೊಸತರಲ್ಲಿ ಕೇಳಿದ್ದೆ.

"ನುಡಿಸೋರು ಬೇಕಾದಷ್ಟು ಜನ ಇದ್ದಾರೆ ಅತ್ತಿಗೆ. ಶ್ರುತಿ ಮಾಡಿ ಇಡೋಕೆ ಒಬ್ಬ ಬೇಡವಾ?" ಎಂದಿದ್ದ. ಆಮೇಲೆ, ನನಗೆ ಕೇಳುವ ಮನಸ್ಸಿದೆ ಎಂದು ಗೊತ್ತಾದ ಮೇಲೆ, ಬಾಗಿಲ ಚೌಕಟ್ಟಿಗೆ ಒರಗಿ ನಿಂತು ಮುಂದುವರಿಸಿದ್ದ. "ಎರಡು ತಂತಿ ಒಟ್ಟಿಗೆ ಎಳೀಬೇಕು. ಸರಿಯಾಗೋಕೆ ಇನ್ನೇನು ಒಂಚೂರು ಬಾಕಿ ಅನ್ನುವಾಗ ಒಂದು ನಡುಕ ಕೇಳುತ್ತೆ, ಇಬ್ಬರು ಪಿಸುಮಾತಲ್ಲಿ ಜಗಳ ಆಡಿದ ಹಾಗೆ. ಸರಿಹೋದ ಕ್ಷಣ ನಡುಕ ನಿಂತುಬಿಡುತ್ತೆ. ಆದ್ರೆ ಎರಡೂ ಒಂದೇ ಸ್ವರ ಆಗೋದಿಲ್ಲ, ನೋಡಿ. ಅದರ ಸ್ವರ ಅದಕ್ಕೇ, ಇದರ ಸ್ವರ ಇದಕ್ಕೇ. ರಾಜಕೀಯ ಅಂದ್ರೆ ಅಷ್ಟೇ ಆಗಬೇಕಿತ್ತು."

ನನಗೆ ರಾಜಕೀಯ ತಿಳಿಯುತ್ತಿರಲಿಲ್ಲ. ನಡುಕ ನಿಲ್ಲುವುದು ಮಾತ್ರ ಮರುದಿನ ಕೇಳಿಸಿತು.

ಅವನು ನಮ್ಮೂರಿನ ಪತ್ರಿಕೆಯಲ್ಲಿ ಅಭಿಪ್ರಾಯದ ಪುಟ ನೋಡಿಕೊಳ್ಳುತ್ತಿದ್ದ. ಊಟದ ಡಬ್ಬಿ ಮರೆತ ದಿನ ನಾನೇ ತೆಗೆದುಕೊಂಡು ಹೋಗುತ್ತಿದ್ದೆ. ಸುದ್ದಿಯವರೆಲ್ಲ ಒಂದು ದೊಡ್ಡ ಹಾಲಿನಲ್ಲಿ ಫೋನು ಹಿಡಿದು ಕೂಗಾಡುತ್ತಿರುತ್ತಿದ್ದರು. ಇವನ ಕೋಣೆ ಅದರಾಚೆ, ಕಾಗದದ ಉರುಳೆಗಳನ್ನು ಇಡುವ ಓಣಿಯ ಕೊನೆಗೆ. ಕಿಟಕಿ ಇತ್ತು, ಕಿಟಕಿಯ ಎದುರಿಗೆ ಗೋಡೆ ಇತ್ತು. ಆ ಗೋಡೆಯ ಮೇಲೆ ಮಧ್ಯಾಹ್ನ ಸ್ವಲ್ಪ ಹೊತ್ತು ಬಿಸಿಲು ಬಂದು ಇಳಿಯುತ್ತಿತ್ತು. ಮೈದುನ ಪೆನ್ಸಿಲು ಕಿವಿಗೆ ಸಿಕ್ಕಿಸಿಕೊಂಡು ಅದನ್ನೇ ನೋಡುತ್ತಾ ಕೂತಿರುತ್ತಿದ್ದ. ಹೊರಗಿನವರಿಗೆ ಇವನು ನಿದ್ದೆಗಣ್ಣಲ್ಲಿದ್ದಾನೆ ಅನ್ನಿಸಬೇಕು. ಅವನು ಓದುತ್ತಿದ್ದದ್ದೇ ಹಾಗೆ. ಬಂದ ಲೇಖನವನ್ನು ಒಮ್ಮೆ ಓದಿ, ಕೆಳಗಿಟ್ಟು, ಗೋಡೆ ನೋಡುತ್ತಾ ಅದು ಮನಸ್ಸಿನಲ್ಲಿ ಎಷ್ಟು ಉಳಿಯಿತು ಎಂದು ಕಾಯುತ್ತಿದ್ದ. ಉಳಿಯದೇ ಹೋದದ್ದನ್ನು ಪೆನ್ಸಿಲಿನಿಂದ ಹೊಡೆದುಹಾಕುತ್ತಿದ್ದ.

"ಸುದ್ದಿಯವರು ಓಡಬೇಕು. ನಾವು ಕೂತಿರಬೇಕು," ಎನ್ನುತ್ತಿದ್ದ. "ಇಡೀ ಊರು ಒಟ್ಟಿಗೆ ಓಡಿದ್ರೆ, ಎಲ್ಲಿಗೆ ಓಡ್ತಾ ಇದೀವಿ ಅಂತ ಕೇಳೋರು ಯಾರು?"

ವಾರಕ್ಕೊಮ್ಮೆ ಅವನ ಪುಟದಲ್ಲಿ ಎರಡೇ ಅಂಕಣ ಬರುತ್ತಿದ್ದವು. ಊರಿನ ಒಂದು ವಿಷಯ. ಎಡಗಡೆ ಬೇಕು ಎನ್ನುವವರು, ಬಲಗಡೆ ಬೇಡ ಎನ್ನುವವರು. ಎರಡಕ್ಕೂ ಒಂದೇ ಅಳತೆಯ ಜಾಗ, ಒಂದೇ ಗಾತ್ರದ ಅಕ್ಷರ. ಯಾವುದಾದರೂ ಕಡೆಗೆ ಬರೆಯುವವರು ಸಿಗದೇ ಹೋದರೆ ಅವನೇ ಬರೆದು, ಕೆಳಗೆ ಹೆಸರಿಲ್ಲದೆ 'ಮೇಜಿನಿಂದ' ಎಂದಷ್ಟೇ ಹಾಕುತ್ತಿದ್ದ. ಇದರಲ್ಲಿ ಅವನಿಗೊಂದು ಕಟ್ಟುಪಾಡಿತ್ತು. ಯಾವ ಕಡೆ ತನ್ನ ಮನಸ್ಸಿಗೆ ಒಗ್ಗುವುದಿಲ್ಲವೋ ಆ ಕಡೆಯನ್ನು ಹೆಚ್ಚು ಚೆನ್ನಾಗಿ ಬರೆಯಬೇಕು. "ಒಪ್ಪದ ಮಾತು ಬರೆಯುವಾಗ ಕೈ ಕಳ್ಳಬೀಳುತ್ತೆ ಅತ್ತಿಗೆ. ಗೊತ್ತಿಲ್ಲದ ಹಾಗೆ ಸಪ್ಪೆ ಮಾಡಿಬಿಡುತ್ತೆ. ಅದನ್ನ ಹಿಡೀಬೇಕು."

ನಮ್ಮ ಯಜಮಾನರು ಬಸ್ ಡ್ರೈವರು. ತಮ್ಮನಿಗೆ 'ತಕ್ಕಡಿ' ಎಂದು ಹೆಸರಿಟ್ಟವರು ಅವರೇ. "ಲೋ ತಕ್ಕಡಿ, ನಿನ್ನ ಕೈಗೆ ಸ್ಟೇರಿಂಗ್ ಕೊಟ್ಟಿದ್ರೆ ಬಸ್ಸು ಸರ್ಕಲ್ಲಲ್ಲೇ ಸುತ್ತಾ ಇರೋದು ಕಣೋ. ಎಡಕ್ಕೂ ನ್ಯಾಯ ಇದೆ, ಬಲಕ್ಕೂ ನ್ಯಾಯ ಇದೆ ಅಂತ!" ಅವನಿಗೆ ಮದುವೆಯಾಗದ್ದಕ್ಕೂ ಅವರು ಹೇಳುತ್ತಿದ್ದ ಕಾರಣ ಇದೇ. "ಹೆಣ್ಣು ನೋಡೋಕೆ ಕರ್ಕೊಂಡು ಹೋದ್ರೆ, ಆ ಹುಡುಗಿ ಜಾಗದಲ್ಲಿ ಕೂತು ಯೋಚನೆ ಮಾಡಿ, 'ಪಾಪ, ನಾನು ಅವಳಿಗೆ ಬೇಡ' ಅಂತ ಎದ್ದು ಬರ್ತಾನೆ." ಮೈದುನ ನಗುತ್ತಿದ್ದ. ಸುಳ್ಳು ಎಂದು ಮಾತ್ರ ಯಾವತ್ತೂ ಹೇಳಲಿಲ್ಲ.

ಊರಿನ ನಡುವೆ, ಬಸ್ಸು ನಿಲ್ಲುವ ಜಾಗಕ್ಕೆ ಎದುರಾಗಿ, ಹಳೆಯ ಸಂಗೀತ ಭವನವಿತ್ತು. ನಗರಸಭೆಗೆ ಸೇರಿದ ಕಟ್ಟಡ. ಎತ್ತರದ ಕಿಟಕಿಗಳು, ಕಾಲಿಟ್ಟರೆ ಕಿರುಗುಟ್ಟುವ ಮರದ ನೆಲ, ಎಷ್ಟು ಮೆಲ್ಲಗೆ ಮುಚ್ಚಿದರೂ ನಿಟ್ಟುಸಿರು ಬಿಡುವ ಬಾಗಿಲು. ಒಳಗೆ ಒಂದು ಕೋಣೆಯಲ್ಲಿ ವಯಸ್ಸಾದ ಹೆಂಗಸೊಬ್ಬರು ಪಿಟೀಲು ಹೇಳಿಕೊಡುತ್ತಿದ್ದರು. ಊರಿಗೆಲ್ಲ ಅವರು ಟೀಚರ್. ಮೈದುನ ಚಿಕ್ಕವನಿದ್ದಾಗ ಅಲ್ಲೇ ಕಲಿತದ್ದು. ಕಲಿತು ದೊಡ್ಡವನಾದ ಮೇಲೆ ಅವರು ಒಂದು ದಿನ ಅವನ ಕೈಯಿಂದ ಕಮಾನನ್ನು ಮೆಲ್ಲಗೆ ತೆಗೆದುಕೊಂಡು, "ನಿನಗೆ ಕಿವಿ ಇದೆ ಮಗು, ಕೈ ಇಲ್ಲ" ಎಂದರಂತೆ. ಇದನ್ನು ಅವನು ಯಾರೋ ಆಶೀರ್ವಾದ ಮಾಡಿದ ಹಾಗೆ ಹೇಳಿಕೊಳ್ಳುತ್ತಿದ್ದ. ಕೈ ಇಲ್ಲದವನು ಆಮೇಲೂ ಪ್ರತಿ ಭಾನುವಾರ ಹೋಗಿ, ಕೋಣೆಯ ಮೂಲೆಯ ಕುರ್ಚಿಯಲ್ಲಿ ಕೂತು, ಮಕ್ಕಳು ತಪ್ಪು ತಪ್ಪಾಗಿ ನುಡಿಸುವುದನ್ನು ಕಣ್ಣುಮುಚ್ಚಿ ಕೇಳಿ ಬರುತ್ತಿದ್ದ. "ಚೆನ್ನಾಗಿ ನುಡಿಸಿದ್ದು ರೇಡಿಯೋದಲ್ಲೂ ಸಿಗುತ್ತೆ. ಈಗ ಸರಿಹೋಗ್ತಾ ಇರೋದು ಇಲ್ಲಿ ಮಾತ್ರ ಸಿಗೋದು."

ಆ ವರ್ಷ ನಗರಸಭೆಯಲ್ಲಿ ಒಂದು ಮಾತೆದ್ದಿತು. ಭವನ ತೆರವು ಮಾಡಿಸಿ, ಅಲ್ಲಿ ತಾಯಿ ಮಕ್ಕಳ ಆಸ್ಪತ್ರೆ ತೆರೆಯುವುದು. ಆಗಿದ್ದ ಆಸ್ಪತ್ರೆ ಬಸ್ ಡಿಪೋದ ಹಿಂದೆ, ಒಂದು ಕಾಲದಲ್ಲಿ ಟೈರು ತುಂಬಿಡುತ್ತಿದ್ದ ಶೆಡ್ಡಿನಲ್ಲಿತ್ತು. ಊರಿನ ನಡುವೆ ಬೇರೆ ಕಟ್ಟಡವಿರಲಿಲ್ಲ. ಸದಸ್ಯರಲ್ಲಿ ಬಹಳ ಜನ ಭವನದ ಕಡೆಗೇ ಇದ್ದಾರೆ, ಇದು ಆಗುವ ಹೋಗುವ ಮಾತಲ್ಲ ಎಂದು ಎಲ್ಲರೂ ಅಂದುಕೊಂಡಿದ್ದರು.

ಭವನ ಉಳಿಯಬೇಕೇ ಎಂಬ ವಿಷಯ ಅವನ ಪುಟಕ್ಕೆ ಬಂತು. ಎಡಗಡೆಗೆ ಟೀಚರ್ ಬರೆದುಕೊಟ್ಟರು. ಭವನದ ನೆಲದ ಬಗ್ಗೆ, ಸಂಜೆಯ ಬೆಳಕಿನ ಬಗ್ಗೆ, ತಪ್ಪು ನುಡಿಸಿದವರನ್ನು ನೋಡಿ ಯಾರೂ ನಗದ ಒಂದು ಜಾಗ ಊರಿನಲ್ಲಿ ಇರಬೇಕು ಎಂಬ ಬಗ್ಗೆ. ಮೈದುನ ಅದರಲ್ಲಿ ಒಂದು ಅಕ್ಷರವನ್ನೂ ಮುಟ್ಟಲಿಲ್ಲ. ಬಲಗಡೆಗೆ ಶೆಡ್ಡಿನ ನರ್ಸಮ್ಮನನ್ನು ಕೇಳಿದ.

"ನನಗೆ ಬರೆಯೋಕೂ ಬರಲ್ಲ, ಪುರುಸೊತ್ತೂ ಇಲ್ಲ," ಎಂದಳಂತೆ ಆಕೆ. "ಬೇಕಾದ್ರೆ ಬಂದು ಕೂತ್ಕೊಳ್ಳಿ. ಕೂರೋಕೆ ಜಾಗ ಸಿಕ್ಕಿದ್ರೆ."

ಜಾಗ ಸಿಗಲಿಲ್ಲ. ಮಧ್ಯಾಹ್ನ ಪೂರ್ತಿ ಗೋಡೆಗೆ ಒರಗಿ ನಿಂತು ಬಂದ. ಮನೆಗೆ ಬಂದಾಗ ಅವನ ಅಂಗಿಯಿಂದ ರಬ್ಬರಿನ ವಾಸನೆ ಬರುತ್ತಿತ್ತು. ಅಡುಗೆಮನೆಯ ಮಣೆಯ ಮೇಲೆ ಕೂತ. ನಾನು ಏನೂ ಕೇಳಲಿಲ್ಲ. ಅವನನ್ನು ಕೇಳಬಾರದು, ಕಾಯಬೇಕು.

"ಒಬ್ಬ ಹುಡುಗಿ ಅತ್ತಿಗೆ, ತುಂಬಿದ ಬಸುರಿ. ಮುರಿದ ಪೆಟ್ಟಿಗೆ ಮೇಲೆ ಕೂತಿದ್ಲು. ಇನ್ನೊಬ್ಬಳು ಬಂದ ಕೂಡಲೇ ಎದ್ದು ಜಾಗ ಬಿಟ್ಟುಕೊಟ್ಲು. ಆ ಇನ್ನೊಬ್ಬಳು ಇವಳ ಹೊಟ್ಟೆ ನೋಡಿ, ತಾನು ಕೂರೋದಿಲ್ಲ ಅಂತ ಹಟ ಹಿಡಿದ್ಲು. ಕೊನೆಗೆ ಇಬ್ಬರೂ ನಿಂತೇ ಇದ್ರು. ಪೆಟ್ಟಿಗೆ ಖಾಲಿ."

ಅಷ್ಟು ಹೇಳಿ ಮೇಲೆ ಹೋದ. ಅವತ್ತು ಅವನು ಬರೆದದ್ದು ನಮ್ಮ ಮನೆಯಲ್ಲೇ, ಪಿಟೀಲಿನ ಪೆಟ್ಟಿಗೆಯನ್ನೇ ಮೇಜು ಮಾಡಿಕೊಂಡು.

ವಾರದ ಕೊನೆಗೆ ಪುಟ ಬಂತು. ನಾನು ಓದು ಕಲಿತದ್ದು ದೊಡ್ಡವಳಾದ ಮೇಲೆ, ಅದೂ ಪ್ರಾರ್ಥನೆಯ ಪುಸ್ತಕದಿಂದ. ಇಂದಿಗೂ ಬೆರಳಿಟ್ಟುಕೊಂಡೇ ಓದುತ್ತೇನೆ. ಎಡಗಡೆ ಓದಿದಾಗ ಭವನದೊಳಗೆ ಕೂತ ಹಾಗಾಯಿತು. ಬಲಗಡೆ ಓದುತ್ತಾ ಬೆರಳು ನಿಂತುಹೋಯಿತು. 'ಹಾಡಿಗೆ ಕಾಯುವುದು ಗೊತ್ತು, ಹೆರಿಗೆಗೆ ಗೊತ್ತಿಲ್ಲ' ಎಂದು ಅಲ್ಲಿತ್ತು. ಆ ಖಾಲಿ ಪೆಟ್ಟಿಗೆಯೂ ಇತ್ತು.

ಸಂಜೆ ಡ್ಯೂಟಿ ಮುಗಿಸಿ ಬಂದ ಯಜಮಾನರು ಟೋಪಿಯನ್ನು ಕುರ್ಚಿಯ ಮೇಲೆ ಎಸೆದರು. "ಬಸ್ ತುಂಬಾ ಅದೇ ಮಾತು. ಹೆರಿಗೆಗೆ ಕಾಯೋಕೆ ಗೊತ್ತಿಲ್ಲ, ಹೆರಿಗೆಗೆ ಕಾಯೋಕೆ ಗೊತ್ತಿಲ್ಲ. ಕಂಡಕ್ಟರ್ ಟಿಕೆಟ್ ಕೊಡೋದು ಬಿಟ್ಟು ಕಣ್ಣು ಒರೆಸ್ಕೋತಾ ಇದ್ದ. ಯಾರಪ್ಪ ಈ ಪುಣ್ಯಾತ್ಮ, ಇಷ್ಟು ಚೆನ್ನಾಗಿ ಬರೆದಿರೋನು ಅಂತ ನನ್ನನ್ನೇ ಕೇಳಿದ. ನನಗೂ ಗೊತ್ತಿಲ್ಲ ಅಂದೆ." ಆಮೇಲೆ ತಮ್ಮನ ಮುಖ ನೋಡಿದರು. "ನೀನಾ?"

ಮೈದುನ ತಲೆಯಾಡಿಸಿದ.

"ಅಲ್ಲಯ್ಯಾ, ನಿನ್ನ ಬುದ್ಧಿ ಏನು ಮೇಯೋಕೆ ಹೋಗಿತ್ತಾ? ಇನ್ನೊಂದು ಕಡೆ ಅಂತ ಬರೀಬೇಕಿತ್ತು, ಸರಿ. ನಾಲ್ಕು ಸಾಲು ಗೀಚಿ ಬಿಡೋದಲ್ವಾ? ಗೆಲ್ಲೋ ಹಾಗೆ ಬರೆಯೋಕೆ ಯಾರು ಹೇಳಿದ್ರು?"

"ನಾಲ್ಕು ಸಾಲು ಗೀಚಿದ್ರೆ ಅದು ಇನ್ನೊಂದು ಕಡೆ ಆಗಲ್ಲ ಅಣ್ಣ. ನಮ್ಮ ಕಡೆಗೇ ಇನ್ನೊಂದು ವೇಷ ಹಾಕಿದ ಹಾಗೆ ಆಗುತ್ತೆ."

"ಹಂಗಾದ್ರೆ ನಾಳೆ ಭವನದ ಪರ ಇನ್ನೊಂದು ಬರಿ. ಇನ್ನೂ ಚೆನ್ನಾಗಿ ಬರಿ."

"ಟೀಚರ್ ಬರೆದಾಯ್ತಲ್ಲ. ಅವರ ಪಾಲಿನ ಜಾಗ ಅವರಿಗೆ ಕೊಟ್ಟಾಯ್ತು. ನಾನು ಮತ್ತೊಂದು ಸಲ ಬರೆದ್ರೆ ಅದು ತಟ್ಟೇನ ಬೆರಳಲ್ಲಿ ಒತ್ತಿ ತೂಗಿದ ಹಾಗೆ."

ಯಜಮಾನರು ನನ್ನ ಕಡೆ ತಿರುಗಿದರು. "ನೋಡೇ, ನಿನ್ನ ಮೈದುನನ್ನ ಏನು ಮಾಡೋದು ಹೇಳು. ಬಯ್ಯೋಣ ಅಂದ್ರೆ ಬಯ್ಯೋಕೂ ಜಾಗ ಬಿಡಲ್ಲ."

ಮರುದಿನ ಅವನು ಟೀಚರನ್ನು ನೋಡಲು ಹೊರಟಾಗ ನಾನೂ ಜೊತೆಗೆ ಹೋದೆ. ಭವನದ ಕಿಟಕಿಗಳಿಂದ ಬೆಳಕು ಓರೆಯಾಗಿ ಇಳಿದು, ಅದರಲ್ಲಿ ಧೂಳು ಮೆಲ್ಲಗೆ ಮೇಲೇಳುತ್ತಿತ್ತು, ಆ ಕೋಣೆಯಲ್ಲಿ ನುಡಿಸಿದ ಸ್ವರಗಳೆಲ್ಲ ಇನ್ನೂ ಎಲ್ಲೂ ಹೋಗದೆ ಅಲ್ಲೇ ತೇಲುತ್ತಿವೆಯೇನೋ ಅನ್ನುವ ಹಾಗೆ. ಟೀಚರ್ ಮಕ್ಕಳಿಲ್ಲದ ಕೋಣೆಯಲ್ಲಿ ಕೂತು ಕಮಾನಿನ ಎಳೆ ಬಿಗಿಯುತ್ತಿದ್ದರು.

"ಬಲಗಡೆ ಬರೆದವನು ನಾನೇ ಟೀಚರ್," ಎಂದ.

"ಗೊತ್ತು. ಎಲ್ಲಿ ಉಸಿರು ತಗೋಬೇಕೋ ಅಲ್ಲೇ ತಗೊಂಡಿದೀಯ. ನಾನೇ ಅಲ್ವಾ ಕಲಿಸಿದ್ದು." ಅವರು ತಲೆಯೆತ್ತಲಿಲ್ಲ. "ಚೆನ್ನಾಗಿ ಬರೆದಿದೀಯ. ಒಂದು ಸಾಲಾದ್ರೂ ಸುಳ್ಳಿದ್ದಿದ್ರೆ ಕೋಪ ಮಾಡ್ಕೋಬಹುದಿತ್ತು."

ಕಮಾನನ್ನು ಮೊಣಕಾಲ ಮೇಲೆ ಅಡ್ಡ ಇಟ್ಟುಕೊಂಡರು.

"ನನ್ನ ಮನೆ ನೋಡಿದೀಯಲ್ಲ," ಎಂದರು ಆಮೇಲೆ. "ಒಂದೇ ಕೋಣೆ. ಕಮಾನು ಎಳೆದ್ರೆ ಪಕ್ಕದವರು ಗೋಡೆ ಬಡೀತಾರೆ. ಇಲ್ಲಿಂದ ಎಬ್ಬಿಸಿದ್ರೆ ನಾನು ಎಲ್ಲಿಗೆ ಹೋಗ್ಲಿ, ಹೇಳು. ವಾದಕ್ಕೆ ಕೇಳ್ತಾ ಇಲ್ಲ. ಸುಮ್ಮನೆ ಕೇಳ್ತಾ ಇದೀನಿ."

ಅವನು ಹೋಗಿ ಮೂಲೆಯ ಕುರ್ಚಿಯಲ್ಲಿ ಕೂತ. ಟೀಚರ್ ನುಡಿಸಲಿಲ್ಲ, ಅವನೂ ಏಳಲಿಲ್ಲ. ಕಿಟಕಿಯ ಬೆಳಕು ನೆಲವನ್ನು ದಾಟಿ ಗೋಡೆ ಹತ್ತುವವರೆಗೆ ನಾವು ಮೂವರೂ ಹಾಗೇ ಕೂತಿದ್ದೆವು.

ಆಮೇಲಿನ ದಿನಗಳಲ್ಲಿ ಅವನು ಅರ್ಧ ನಮ್ಮ ಮನೆಯಲ್ಲಿದ್ದ, ಅರ್ಧ ಇನ್ನೆಲ್ಲೋ. ಚಹಾ ಲೋಟ ಕೈಯಲ್ಲಿ ಹಿಡಿದು ಆರಿಸಿಬಿಡುತ್ತಿದ್ದ. ಒಮ್ಮೆ ನಾನು ಬಟ್ಟೆ ಮಡಿಸುತ್ತಿದ್ದಾಗ ಬಂದು ಹೇಳಿದ: "ಮಧ್ಯಾಹ್ನ ಆಫೀಸಲ್ಲಿ ಗೋಡೆ ನೋಡ್ತಾ ಇದ್ದೆ ಅತ್ತಿಗೆ. ಭವನ ಕಾಣಿಸ್ತು. ಒಳಗೆ ಸಾಲಾಗಿ ಮಂಚ ಹಾಕಿದ್ರು. ಬಿಳೀ ಪರದೆ. ಪರದೆ ಆಚೆ ಯಾರೋ ತಂತಿ ಸರಿಮಾಡ್ತಾ ಇದ್ರು, ಒಂದು ಮಗು ಅಳ್ತಾ ಇತ್ತು. ಎರಡೂ ಒಂದೇ ಶ್ರುತಿಗೆ ಬರ್ತಾ ಬರ್ತಾ... ಫೋನ್ ಬಂತು. ಎಲ್ಲಾ ಹೋಯ್ತು."

"ನಿನಗೆ ಯಾವುದು ಉಳೀಬೇಕು ಅಂತಿದೆಯಪ್ಪ, ನಿಜ ಹೇಳು," ಎಂದೆ.

"ಭವನ," ಎಂದ ತಡಮಾಡದೆ. ಮಡಿಸಿಟ್ಟ ಟವೆಲನ್ನು ತೆಗೆದು ಮತ್ತೆ ಬಿಡಿಸಿ, ತಾನೇ ಮಡಿಸತೊಡಗಿದ. "ನನಗೆ ಬೇಕಾಗಿರೋದು ಭವನ. ನನಗೆ ಬೇಕು ಅನ್ನೋದು ಒಂದು ಕಾರಣ ಆಗಬಹುದಾ ಅಂತ ಯೋಚನೆ ಮಾಡ್ತಾ ಇದೀನಿ."

ಅವತ್ತು ನನ್ನ ಪ್ರಾರ್ಥನೆಯಲ್ಲಿ ಏನು ಕೇಳಬೇಕೆಂದು ನನಗೂ ತಿಳಿಯಲಿಲ್ಲ. ಟೀಚರನ್ನೂ ಆ ಬಸುರಿಯನ್ನೂ, ಇಬ್ಬರನ್ನೂ ನೋಡಿಕೋ ಎಂದಷ್ಟೇ ಹೇಳಿ ಕೈಮುಗಿದೆ.

ನಗರಸಭೆ ಸೇರುವ ಹಿಂದಿನ ದಿನ, ಮಧ್ಯಾಹ್ನದ ಊಟವಾಗಿ ಬೀದಿಯೆಲ್ಲ ತೂಕಡಿಸುತ್ತಿದ್ದಾಗ, ಮನೆಯ ಮುಂದೆ ಕಾರು ನಿಂತಿತು. ಇಳಿದವನು ನಗರಸಭೆಯ ಅಧ್ಯಕ್ಷ. ಊರಿಗೆ ಅಧ್ಯಕ್ಷನಾದರೂ ನಮ್ಮ ಮನೆಗೆ ಅವನು ಮೈದುನನ ಬಾಲ್ಯದ ಗೆಳೆಯ. ಇಬ್ಬರೂ ಟೀಚರ ಬಳಿ ಒಟ್ಟಿಗೆ ಕಲಿತವರು. ಇವನಿಗೆ ಕಿವಿಯೂ ಇರಲಿಲ್ಲ, ಕೈಯೂ ಇರಲಿಲ್ಲ, ಬಾಯಿ ಇತ್ತು ಎಂದು ಮೈದುನ ತಮಾಷೆ ಮಾಡುತ್ತಿದ್ದ.

"ಅತ್ತಿಗೆ, ಚಹಾ ಕೊಡಿ. ನಿಮ್ಮ ಮೈದುನ ನಾಲ್ಕು ದಿನದಿಂದ ನನ್ನ ನಿದ್ದೆ ಕೆಡಿಸಿದ್ದಾನೆ," ಎನ್ನುತ್ತಾ ಬಂದು ಕೂತ. ಯಜಮಾನರೂ ಮನೆಯಲ್ಲಿದ್ದರು. ನಾನು ಚಹಾ ತಂದಿಟ್ಟು ಬಾಗಿಲ ಬಳಿ ನಿಂತೆ.

"ನೋಡು, ನಿನ್ನ ಪುಟ ಬರೋಕೆ ಮುಂಚೆ ಹೆಚ್ಚುಕಡಿಮೆ ಎಲ್ಲ ಸದಸ್ಯರೂ ಭವನದ ಕಡೆಗಿದ್ರು," ಎಂದ ಅಧ್ಯಕ್ಷ. "ಅದನ್ನ ಓದಿ ಅರ್ಧ ಜನ ತಿರುಗಿಬಿಟ್ರು. ಈಗ ಎರಡೂ ಕಡೆ ಸಮ. ಸಮ ಬಂದ್ರೆ ಅಧ್ಯಕ್ಷನ ಓಟು ಅಂತ ನಿಯಮ. ಅಂದ್ರೆ ನಾನು."

"ನಿನಗೇನು ಅನ್ನಿಸುತ್ತೆ?"

"ನನಗಾ? ಎಡಗಡೆ ಓದಿದಾಗ ಟೀಚರ್ ಸರಿ. ಬಲಗಡೆ ಓದಿದಾಗ ಆ ಬಸುರಿ ಸರಿ. ಅದಕ್ಕೇ ಬಂದೆ." ಚಹಾ ಗುಟುಕರಿಸಿ ಲೋಟ ಕೆಳಗಿಟ್ಟ. ದನಿ ತಗ್ಗಿಸಿದ. "ನಿನಗೆ ಆ ಭವನ ಅಂದ್ರೆ ಪ್ರಾಣ ಅಂತ ನನಗೆ ಗೊತ್ತಿಲ್ವಾ? ನಾಳೆ ಭವನಕ್ಕೆ ಕೈ ಎತ್ತುತೀನಿ. ಆಸ್ಪತ್ರೆ ಮುಂದಿನ ವರ್ಷ ನೋಡೋಣ. ನೀನು ಒಂದು ಮಾತು ಹೇಳು ಸಾಕು. ಮಾತೂ ಬೇಡ ಕಣೋ, ಸುಮ್ಮನೆ ತಲೆ ಆಡಿಸು. ಈ ಮನೆ ಬಾಗಿಲು ದಾಟಿ ವಿಷಯ ಹೊರಗೆ ಹೋಗಲ್ಲ."

ಯಜಮಾನರು ಮುಂದಕ್ಕೆ ಬಾಗಿದರು. "ಆಡಿಸೋ," ಎಂದರು. "ಟೀಚರ್ ಮುಖ ನೋಡಿಯಾದ್ರೂ ಆಡಿಸು."

ಬೀದಿಯಲ್ಲಿ ಯಾರೋ ಸೈಕಲ್ ಬೆಲ್ ಬಾರಿಸಿಕೊಂಡು ಹೋದರು. ಮೈದುನ ಕಣ್ಣುಮುಚ್ಚಿದ್ದ. ಭಾನುವಾರಗಳಲ್ಲಿ ಆ ಮೂಲೆಯ ಕುರ್ಚಿಯಲ್ಲಿ ಅವನ ಮುಖ ಹೀಗೇ ಇರುತ್ತಿತ್ತು, ದೂರದಿಂದ ಬರುವ ಏನನ್ನೋ ಕೇಳಿಸಿಕೊಳ್ಳುವ ಹಾಗೆ.  ಹೂಂ ಅನ್ನುತ್ತಾನೆ ಎಂದುಕೊಂಡೆ. ಅನ್ನಲಿ ಎಂದೂ ಅನ್ನಿಸಿತು.

"ಬೇಡ ಕಣೋ," ಎಂದ.

"ಯಾಕೆ?"

"ಹಾಗೆ ಉಳಿಸಿಕೊಂಡ್ರೆ ಅದು ಭವನ ಆಗಿರಲ್ಲ, ನಿನ್ನ ನನ್ನ ಗುಟ್ಟಾಗಿರುತ್ತೆ. ಊರೆಲ್ಲ ಎರಡು ಕಡೇನೂ ಓದಿ ತಲೆ ಕೆಡಿಸ್ಕೊಂಡಿದೆ. ಕೊನೆಗೆ ಇದೇ ಕುರ್ಚಿ ಮೇಲೆ ಚಹಾ ಕುಡೀತಾ ತೀರ್ಮಾನ ಆಗೋದಾದ್ರೆ, ನಾನು ಯಾಕೆ ಪುಟ ಹಾಕಬೇಕಿತ್ತು? ನೀನೂ ಓದಿದೀಯ. ಭವನಕ್ಕೆ ಕೈ ಎತ್ತಬೇಕು ಅಂತ ನಿನಗೇ ಅನ್ನಿಸಿದ್ರೆ ಎತ್ತು, ಯಾಕೆ ಅಂತ ಎದ್ದು ನಿಂತು ಹೇಳು. ಆಸ್ಪತ್ರೆಗೆ ಎತ್ತಿದ್ರೂ ಹಾಗೇ. ನನ್ನ ಮುಖ ನೋಡಿ ಎತ್ತಬೇಡ."

ಯಜಮಾನರು ಹಣೆಗೆ ಕೈ ಹೊಡೆದುಕೊಂಡು ಕಿಟಕಿಯ ಕಡೆ ತಿರುಗಿದರು. ಅಧ್ಯಕ್ಷ ಸುಮಾರು ಹೊತ್ತು ಗೆಳೆಯನನ್ನು ನೋಡಿದ. ಬೈಗುಳ ಬಾಯಿಗೆ ಬಂದು ಹಿಂದೆ ಹೋದಂತೆ ಕಂಡಿತು. ಎದ್ದು ಚಪ್ಪಲಿ ಮೆಟ್ಟಿದ. ಹೊಸ್ತಿಲಲ್ಲಿ ನಿಂತು ಕೇಳಿದ:

"ಟೀಚರ್‌ಗೆ ಏನಂತ ಹೇಳ್ತೀಯ?"

"ನೀನು ಬಂದಿದ್ದೆ ಅಂತ ಹೇಳ್ತೀನಿ," ಎಂದ ಮೈದುನ. "ನಾನು ಬೇಡ ಅಂದೆ ಅಂತಲೂ ಹೇಳ್ತೀನಿ."